ಅಕ್ಕನ ಮಲ್ಲಿಗೆಗೆ ಬಿಸಿನೀರು

ಮನುಷ್ಯಜಾತಿಯು ಹೊರಟ ಜಾಗದಿಂದ ಸೇರಬೇಕಾದ ಜಾಗಕ್ಕೆ ನೇರವಾಗಿ ಹೋಗುವ ಸ್ವಭಾವದ್ದಾಗಿದ್ದರೆ ಭೂಗೋಳ ಎಂಬ ಶಾಸ್ತ್ರವೇ ಹುಟ್ಟುತ್ತಿರಲಿಲ್ಲ. ಈ ಮಾತನ್ನು ನಾನು ಮಣಿಪಾಲದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಂಭೀರವಾಗಿ ಹೇಳಿದ್ದೇನೆ. ಆ ಇಪ್ಪತ್ತು ವರ್ಷವೂ ನಾನು ಮಾತ್ರ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ನೇರವಾಗಿಯೇ ಹೋದವನು. ಸಿಟಿ ಬಸ್ಸಿಗೆ ಬೇರೆ ದಾರಿ ಇರಲಿಲ್ಲ.

ಒಂಬತ್ತನೆಯ ತರಗತಿಗೆ ಬಿಸಿನೀರಿನ ಬುಗ್ಗೆಗಳ ಪಾಠವಿತ್ತು. ಬೋರ್ಡಿನ ಮೇಲೆ ಭೂಮಿಯ ಹೊಟ್ಟೆಯನ್ನು ಸೀಳಿ, ಕೆಂಪು ಸೀಮೆಸುಣ್ಣದಿಂದ ಕೆಂಡ ತುಂಬಿ, ನೀಲಿ ಸೀಮೆಸುಣ್ಣದಿಂದ ನೀರು ಚಿಮ್ಮಿಸುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು, ಮೂರನೆಯ ಬೆಂಚಿನ ಒಬ್ಬಳು ಹುಡುಗಿ ಎದ್ದು ನಿಂತು ವಿನಯದಿಂದಲೇ ಕೇಳಿದಳು: "ಸಾರ್, ನೀವು ಒಂದನ್ನಾದರೂ ನೋಡಿದ್ದೀರಾ?" ನಾನು ಅವಳಿಗೆ ಕೂತುಕೊಳ್ಳಲು ಹೇಳಿದೆ. ಅವಳು ಕೂತಳು. ಪ್ರಶ್ನೆ ಕೂರಲಿಲ್ಲ. ಪುತ್ತೂರಿನಿಂದ ಆಚೆ ಇರ್ದೆಯಲ್ಲಿ, ಹೊಳೆಯ ದಡದಲ್ಲಿ, ಬೆಂದ್ರ್ ತೀರ್ಥ ಎಂಬ ಬಿಸಿನೀರಿನ ಕೆರೆ ಉಂಟೆಂದು ನನಗೆ ಗೊತ್ತಿತ್ತು. ನನ್ನ ತಂಗಿಯನ್ನು ಕೊಟ್ಟದ್ದೇ ಪುತ್ತೂರಿಗೆ. ಆದರೂ ನೋಡಿರಲಿಲ್ಲ.

ಮರುವರ್ಷ ಎರಡು ಘಟನೆಗಳು ಒಟ್ಟಿಗೆ ನಡೆದವು. ನಾನೊಂದು ಹಳೆಯ ಬಿಳಿ ಕಾರು ಕೊಂಡೆ. ತಂಗಿಯ ಮಗಳಿಗೆ ಮದುವೆ ನಿಶ್ಚಯವಾಯಿತು.

ಇಲ್ಲಿ ಕಾಪುವಿನ ಅಕ್ಕನ ವಿಷಯ ಹೇಳಬೇಕು. ಅದಕ್ಕೂ ಆರು ವರ್ಷ ಹಿಂದೆ ತಂಗಿ ಪುತ್ತೂರಿನಲ್ಲಿ ಹೊಸ ಮನೆಯ ಒಕ್ಕಲು ಮಾಡಿದಾಗ ಅಕ್ಕನಿಗೆ ಹೇಳಿಕೆ ಕಾಗದವನ್ನು, ಎಂದರೆ ಆಮಂತ್ರಣವನ್ನು, ಅಂಚೆಯಲ್ಲಿ ಕಳಿಸಿದ್ದಳು. ನಮ್ಮಲ್ಲಿ ಒಡಹುಟ್ಟಿದವರಿಗೆ ಮನೆಗೆ ಬಂದು, ಕೂತು, ನೀರು ಬೆಲ್ಲ ತಗೊಂಡು ಹೇಳಿಕೆ ಹೇಳಬೇಕು. ಅಂಚೆಯವನು ತಂದದ್ದು ಅಂಚೆಯವನ ಹೇಳಿಕೆ ಎಂದು ಅಕ್ಕ ತೀರ್ಮಾನಿಸಿದಳು. ಹೋಗಲಿಲ್ಲ. ಆಮೇಲೆ ಇಬ್ಬರಿಗೂ ಮಾತಿಲ್ಲ. ಮಗಳ ಮದುವೆಗೆ ತಂಗಿ ತಪ್ಪು ತಿದ್ದಿಕೊಂಡಳು. ತಾನೇ ಬಸ್ಸು ಹಿಡಿದು ಕಾಪುವಿಗೆ ಬಂದು ಕರೆದಳು. ಅಕ್ಕ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. "ಹುಡುಗಿಯ ತಲೆಗೆ ಹೂ ನಾನು ಕಳಿಸ್ತೇನೆ" ಎಂದಳು.

ಅಕ್ಕನ ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳಿದ್ದವು. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆದದ್ದು ಆ ಗಿಡಗಳಿಂದಲೇ. ತನ್ನ ಆಲೋಚನೆಯನ್ನು ಅವಳು ನನಗೆ ಹೇಳಿದ್ದು ಹೀಗೆ: ಗಂಡಿನ ಮನೆ ಉಡುಪಿ ದಾಟಿ ಸಂತೆಕಟ್ಟೆಯಲ್ಲಿ. ಸಂಜೆ ದಿಬ್ಬಣ ಹೆದ್ದಾರಿಯಲ್ಲಿ ಕಾಪು ದಾಟಿಯೇ ಹೋಗಬೇಕು. "ಕಾರು ನನ್ನ ಮನೆ ಎದುರು ನಿಲ್ಲಲಿ. ಹುಡುಗಿ ನನ್ನ ಹೂ ಮುಡಿದುಕೊಂಡು ಇಳಿದರೆ, ಎಲ್ಲ ಮುಗಿಯಿತು ಅಂತ ಲೆಕ್ಕ. ತಂಗಿಯ ಕೈ ಹಿಡಿದು ಒಳಗೆ ಕರೀತೇನೆ." ಹೂ ಮುಟ್ಟಿಸುವ ಕೆಲಸ ನನ್ನದು.

ಮದುವೆಯ ದಿನ ಬೆಳಗ್ಗೆ ಆರಕ್ಕೆ ನಾನೂ ನನ್ನ ಹೆಂಡತಿಯೂ ಕಾಪುವಿನಲ್ಲಿದ್ದೆವು. ಅಕ್ಕ ಟಾರ್ಚು ಹಿಡಿದು ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಮುಗಿಸಿದ್ದಳು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಪೂರಾ ಒಂದು ಅಟ್ಟೆ ಬಾಳೆಲೆಯಲ್ಲಿ ಸುತ್ತಿ ಕುಳಿತಿತ್ತು. ದಿನವೂ ಬರುವ ಹೂವಿನ ಏಜೆಂಟನಿಗೆ ಆ ದಿನ ಹೂವಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದಳು.

ನಮ್ಮ ಮನೆಮಾತು ತುಳು. ಕನ್ನಡಕ್ಕೆ ಇಳಿಸುವಾಗ ಅಕ್ಕನ ಮಾತಿನ ಖಾರ ಅರ್ಧ ಸೋರಿಹೋಗುತ್ತದೆ. ಉಳಿದದ್ದು ಇಷ್ಟು:

"ಎಲೆ ಬಿಚ್ಚಬೇಡ. ನೀರು ಮುಟ್ಟಿಸಬೇಡ. ಬಿಸಿಲಿಗೆ ಇಡಬೇಡ."

"ಮತ್ತೆ ನಾನು ಎಂತ ಮಾಡಬೇಕು?"

"ಏನೂ ಮಾಡಬೇಡ ಮಾರಾಯ. ಅದೊಂದು ನಿನ್ನಿಂದ ಆಗ್ತದಾ?"

ಆಗುತ್ತದೆ ಎಂದೆ.

ಮುಹೂರ್ತ ಹನ್ನೆರಡು ದಾಟಿದ ಮೇಲೆ. ಹೆದ್ದಾರಿ ಹಿಡಿದು ಹೆಜಮಾಡಿ, ಮಂಗಳೂರು ಎಂದು ಹೋದರೆ ಎಂಟೂವರೆಗೆ ಪುತ್ತೂರು. ಅಷ್ಟು ಬೇಗ ಹೋಗಿ ಮಂಟಪದಲ್ಲಿ ಕುರ್ಚಿ ಎಣಿಸುವುದು ಒಬ್ಬ ಭೂಗೋಳದ ಅಧ್ಯಾಪಕನಿಗೆ ಶೋಭಿಸುವುದಿಲ್ಲ ಎಂದು ನನಗೆ ತೋರಿತು. ನಾನು ಕಾರನ್ನು ಎಡಕ್ಕೆ, ಶಿರ್ವದ ದಾರಿಗೆ ತಿರುಗಿಸಿದೆ.

"ಇದು ಎಲ್ಲಿಗೆ?" ಎಂದಳು ಹೆಂಡತಿ. ಹೂವಿನ ಕಟ್ಟು ಅವಳ ಮಡಿಲಲ್ಲಿತ್ತು.

"ಪುತ್ತೂರಿಗೇ. ಕಾರ್ಕಳದ ಮೇಲೆ ಹೋಗುವ. ಬೆಟ್ಟ ಉಂಟು, ಕೆರೆ ಉಂಟು."

"ಮದುವೆಯೂ ಉಂಟು."

ಕಾರ್ಕಳದ ಆನೆಕೆರೆಯ ಬಳಿ ನಿಲ್ಲಿಸಿದೆ. ನೀರಿನ ನಡುವೆ ಬಸದಿ, ಅದರ ನೆರಳು ತಲೆಕೆಳಗಾಗಿ ಅಲುಗದೆ ನಿಂತಿತ್ತು. ಹಿಂದೆ ಬಂಡೆಯ ಗುಡ್ಡದ ಮೇಲೆ ಗೊಮ್ಮಟ. ನಾನು ಈ ಬಂಡೆಯ ವಯಸ್ಸನ್ನು ವಿವರಿಸತೊಡಗಿದೆ. "ಕ್ಲಾಸಿಗೆ ಇವತ್ತು ರಜೆ" ಎಂದು ಹೆಂಡತಿ ಕಾರಿನೊಳಗಿಂದ ಜ್ಞಾಪಿಸಿದಳು. ಬಜಗೋಳಿ ದಾಟಿ ನಾರಾವಿಯ ಕಡೆ ಹೋಗುವಾಗ ಎಡಗಡೆಗೆ ಘಟ್ಟದ ಸಾಲು ಪೂರಾ ಎದ್ದು ಬಂತು. ಕುದುರೆಮುಖದ ನೆತ್ತಿಗೆ ಮೋಡ ಅಂಟಿಕೊಂಡಿತ್ತು. ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳುತ್ತೇನೆ, ಮುಂದೆ ಅಂಥ ಮಾತು ಹೆಚ್ಚು ಸಿಗಲಿಕ್ಕಿಲ್ಲ: ನನಗೆ ಅಂದು ಬಹಳ ಸಂತೋಷವಾಗಿತ್ತು. ಹೆಂಡತಿಗೂ ಆಗಿತ್ತು. ಗುರುವಾಯನಕೆರೆಯಲ್ಲಿ ಅವಳೇ ನಿಲ್ಲಿಸಲು ಹೇಳಿ ಕೆರೆ ನೋಡಿದಳು.

ಪುತ್ತೂರು ತಲುಪಿದಾಗ ಇನ್ನೂ ಒಂಬತ್ತು ಮುಕ್ಕಾಲು. ನಾನು ಮಂಟಪದ ತಿರುವನ್ನು ಗೌರವಪೂರ್ವಕವಾಗಿ ದಾಟಿದೆ.

"ಅಲ್ಲಿ ಮದುವೆ," ಎಂದಳು ಹೆಂಡತಿ.

"ಅರ್ಧ ಗಂಟೆಯ ದಾರಿ. ಬಿಸಿನೀರು ನೋಡಿಬರುವ."

"ಮನೆಯ ಹಂಡೆಯಲ್ಲಿ ಇರಲಿಲ್ವಾ?"

ಬೆಂದ್ರ್ ತೀರ್ಥದ ವಿಷಯ ಸಂಕ್ಷೇಪವಾಗಿ: ಅದು ಕಲ್ಲು ಕಟ್ಟಿದ ಒಂದು ಚೌಕದ ಕೆರೆ. ಆವಿ ಇಲ್ಲ, ಚಿಮ್ಮುವುದಿಲ್ಲ, ಕೆಂಪು ಸೀಮೆಸುಣ್ಣ ನೀಲಿ ಸೀಮೆಸುಣ್ಣ ಯಾವುದಕ್ಕೂ ಕೆಲಸವಿಲ್ಲ. ಗಂಧಕದ ವಾಸನೆ ಸ್ವಲ್ಪ. ಕೈ ಇಳಿಸಿದರೆ ಮಗುವಿನ ಸ್ನಾನಕ್ಕೆ ಹದ ಮಾಡಿಟ್ಟ ನೀರಿನಷ್ಟು ಬಿಸಿ. ಇಪ್ಪತ್ತು ವರ್ಷದ ಪಾಠ ನನ್ನ ಅಂಗೈಯಲ್ಲಿ ಉಗುರುಬೆಚ್ಚಗೆ ನಿಂತಿತ್ತು. ಆದರೂ ನಾನು ಕರಗಿದೆ. ಭೂಮಿಯೊಳಗಿನಿಂದ ಬಂದ ಬಿಸಿಯಲ್ಲವೇ.

ಹೆಂಡತಿ ಕೈಮುಗಿಯಲೆಂದು ದೇವಸ್ಥಾನದ ಕಡೆ ಹೋದಳು. ಹೂವಿನ ಕಟ್ಟು ಸೀಟಿನ ಮೇಲಿತ್ತು. ಬಾಳೆಲೆಯ ಅಂಚು ಬಾಡಿದಂತೆ ಕಂಡಿತು. ಉಡುಪಿಯ ರಥಬೀದಿಯಲ್ಲಿ ಹೂ ಮಾರುವವರು ಗಳಿಗೆಗೊಮ್ಮೆ ನೀರು ಚಿಮುಕಿಸುವುದನ್ನು ನಾನು ಎಷ್ಟು ಬಾರಿ ನೋಡಿಲ್ಲ. ಅದು ಬಿಡಿಹೂ, ಗಾಳಿಗೆ ತೆರೆದಿಟ್ಟದ್ದು ಎಂಬ ವ್ಯತ್ಯಾಸ ನನಗೆ ಹೊಳೆಯಲಿಲ್ಲ. ಇನ್ನೊಂದು ಯೋಚನೆ ಮಾತ್ರ ಹೊಳೆಯಿತು: ಮದುಮಗಳ ಹೂವಿಗೆ ಬರಿಯ ನೀರಲ್ಲ, ತೀರ್ಥವೇ ಬಿದ್ದರೆ ಎಷ್ಟು ಒಳ್ಳೆಯದು. ಅಕ್ಕನ ಹೂ, ಪುಣ್ಯಕ್ಷೇತ್ರದ ನೀರು, ತಂಗಿಯ ಮಗಳ ತಲೆ. ನಡುವೆ ಅಣ್ಣನೂ ತಮ್ಮನೂ ಆದ ನಾನು. ಕುಡಿಯುವ ನೀರಿನ ಬಾಟಲಿ ಖಾಲಿ ಮಾಡಿ, ತೀರ್ಥ ತುಂಬಿ ತಂದೆ. ಎಲೆ ಬಿಚ್ಚಿದೆ. ಪರಿಮಳ ಕಾರಿನ ತುಂಬ ನಿಂತಿತು. ಪೌರೋಹಿತ್ಯ ಮಾಡುವವನಂತೆ ಮೂರು ಸಲ ಚಿಮುಕಿಸಿದೆ, ಸಾಲದೆನಿಸಿ ಉಳಿದದ್ದನ್ನು ನಿಧಾನವಾಗಿ ಹೊಯ್ದೆ. ಎಲೆ ಮೊದಲಿಗಿಂತ ಬಿಗಿಯಾಗಿ ಸುತ್ತಿ ಕಟ್ಟಿದೆ.

ಕಾರು ಹೊರಟ ಮೇಲೆ ಹೆಂಡತಿ ಮಡಿಲು ಮುಟ್ಟಿ ನೋಡಿದಳು. "ಇದು ಎಂತ ಒದ್ದೆ?"

"ಇಬ್ಬನಿ ಇರಬೇಕು."

ಏಪ್ರಿಲ್ ತಿಂಗಳು, ಗಂಟೆ ಹತ್ತೂವರೆ. ಅವಳು ನನ್ನ ಮುಖ ನೋಡಿದಳು, ಸೀಟಿನ ಕೆಳಗೆ ಉರುಳುತ್ತಿದ್ದ ಖಾಲಿ ಬಾಟಲಿ ನೋಡಿದಳು, ರಸ್ತೆ ನೋಡಿದಳು.

ಹನ್ನೊಂದಕ್ಕೆ ನಾವು ಮಂಟಪದಲ್ಲಿದ್ದೆವು. ತಡವಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ನನ್ನ ಪರವಾಗಿ ಹೇಳಲು ಬೇರೇನೂ ಇಲ್ಲ. ಮದುಮಗಳ ಕೋಣೆಯಲ್ಲಿ ಹುಡುಗಿ ಜಡೆ ಹೆಣೆಸಿಕೊಂಡು ಕಾಯುತ್ತಿದ್ದಳು. ತಂಗಿ ಬಾಗಿಲಲ್ಲೇ ಕಟ್ಟನ್ನು ಎರಡೂ ಕೈಯಲ್ಲಿ ಇಸಕೊಂಡಳು. ಅವಳ ಕಣ್ಣು ಆಗಲೇ ತುಂಬಿತ್ತು. "ಅಕ್ಕನೇ ಕಟ್ಟಿದ್ದಾ? ನಿಜವಾಗಿಯೂ ಅವಳೇ?"

"ಅವಳೇ" ಎಂದೆ.

ಎಲೆ ಬಿಚ್ಚಿದಳು. ಬೆಳಗ್ಗೆ ಅಕ್ಕಿಯ ಹಾಗೆ ಬೆಳ್ಳಗೆ, ಗಟ್ಟಿಯಾಗಿದ್ದ ಮೊಗ್ಗುಗಳು ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಸಿನೀರು, ಮುಚ್ಚಿದ ಎಲೆ, ಬಿಸಿಲಿನಲ್ಲಿ ಕಾದ ಕಾರು. ಪರಿಮಳದ ಜಾಗದಲ್ಲಿ ಗಂಧಕದ ಸಣ್ಣ ನಾತವಿತ್ತು. ತಂಗಿ ಒಂದು ಎಳೆ ಎತ್ತಿ ಹಿಡಿದಳು. ಮೊಗ್ಗುಗಳು ನಾರಿನಿಂದ ಜಾರಿ ಕೆಳಗೆ ಬಿದ್ದವು.

"ಇದು ಎಷ್ಟು ದಿನದ ಹೂ?" ಎಂದಳು.

ಬಿದ್ದದ್ದನ್ನು ಹೆಕ್ಕಿ ಮೂಗಿಗೆ ಹಿಡಿದಳು.

"ನಿನ್ನೆ ಮೊನ್ನೆ ಏಜೆಂಟ್ ಬೇಡ ಅಂತ ಬಿಟ್ಟದ್ದನ್ನು ನನ್ನ ಮಗಳಿಗೆ ಕಳಿಸಿದ್ದಾ ಅವಳು? ನಾನು ಕಾಪುವಿಗೆ ಹೋಗಿ ಕರೆದದ್ದಕ್ಕೆ?" ನನ್ನ ಕಡೆ ತಿರುಗಿದಳು. "ಅಣ್ಣಾ, ನೀನು ಹೇಳು. ಅವಳು ಕಟ್ಟುವಾಗ ನೀನು ನೋಡಿದೆಯಾ?"

ನಿಜ ಹೇಳಲು ಒಂದು ವಾಕ್ಯ ಸಾಕಿತ್ತು. ಕೋಣೆಯಲ್ಲಿ ಗಂಡಿನ ಕಡೆಯ ಹೆಂಗಸರಿದ್ದರು. ಮೇಷ್ಟ್ರು ಮದುವೆಯ ಬೆಳಗ್ಗೆ ಬಿಸಿನೀರು ನೋಡಲು ಹೋದರಂತೆ, ಹೂವಿಗೆ ಹೊಯ್ದರಂತೆ ಎಂಬ ಮಾತು ಊಟದ ಪಂಕ್ತಿಯಲ್ಲಿ ಎಲೆಯಿಂದ ಎಲೆಗೆ ಹೋಗುವುದನ್ನು ನಾನು ಕಿವಿಯಾರೆ ಕೇಳಿದ ಹಾಗಾಯಿತು.

"ನಾನು ಹೋಗುವಾಗ ಕಟ್ಟಿ ಆಗಿತ್ತು. ಕೊಟ್ಟದ್ದನ್ನು ತಂದೆ. ಒಳಗೆ ಎಂತ ಇತ್ತೆಂದು ನನಗೆ ಹೇಗೆ ಗೊತ್ತು?" ಎಂದೆ.

ಹೆಂಡತಿ ಅಲ್ಲೇ ನಿಂತಿದ್ದಳು. ಅವಳ ಸೀರೆಯ ಮಡಿಲು ಇನ್ನೂ ಒಣಗಿರಲಿಲ್ಲ.

ಯಾರೋ ಪೇಟೆಗೆ ಓಡಿದರು. ಭಟ್ಕಳ ಮಲ್ಲಿಗೆ ಸಿಕ್ಕಿತು. ಧಾರೆ ಸರಿಯಾದ ಸಮಯಕ್ಕೆ ಆಯಿತು. ಊಟಕ್ಕೆ ಎರಡು ಪಾಯಸ. ನಾನು ಎರಡನ್ನೂ ಉಂಡೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದ್ದರಿಂದ ಬರೆದಿದ್ದೇನೆ.

ಸಂಜೆ ದಿಬ್ಬಣದ ಹಿಂದೆ ನಮ್ಮ ಕಾರು. ಈ ಸಲ ಹೆದ್ದಾರಿ, ನೇರ ದಾರಿ. ಹೆಜಮಾಡಿ ದಾಟಿದ ಮೇಲೆ ಹೆಂಡತಿ ಒಂದೇ ಮಾತು ಹೇಳಿದಳು: "ಕಾಪುವಿನಲ್ಲಿ ಇಳಿದು ನೀವೇ ಹೇಳಬೇಕು. ಅತ್ತಿಗೆಗೂ ಹೇಳಿ, ನಿಮ್ಮ ತಂಗಿಗೂ ಹೇಳಿ."

"ಹೇಳ್ತೇನೆ" ಎಂದೆ. ಹೇಳುವ ವಾಕ್ಯವನ್ನು ಪಡುಬಿದ್ರಿಯಿಂದ ಮನಸ್ಸಿನಲ್ಲೇ ತಿದ್ದುತ್ತ ಬಂದೆ. ಭಾಷೆ ಚೆನ್ನಾಗಿಯೇ ಆಗಿತ್ತು.

ಅಕ್ಕ ಗೇಟಿನ ಬಳಿ ನಿಂತಿದ್ದಳು. ಪೆಟ್ಟಿಗೆಯಲ್ಲಿಟ್ಟಿದ್ದ ಜರಿಯಂಚಿನ ಸೀರೆ ಉಟ್ಟಿದ್ದಳು. ಒಂದು ಕೈಯಲ್ಲಿ ನೀರಿನ ಚೆಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ. ಹುಡುಗಿ ಗಂಡನ ಜತೆ ಇಳಿದು ಬಂದು ಕಾಲು ಮುಟ್ಟಿದಳು. ಬಗ್ಗಿದ ತಲೆಯ ಮೇಲೆ ಅಕ್ಕ ಕೈಯಿಟ್ಟಳು. ಆ ಕೈ ಹೂವಿನ ಮೇಲೆ ಒಂದು ಕ್ಷಣ ನಿಂತಿತು. ಇಪ್ಪತ್ತು ವರ್ಷ ದಿನವೂ ಹೂ ಕಟ್ಟಿದ ಬೆರಳಿಗೆ ಕಣ್ಣಿನ ಸಾಕ್ಷಿ ಬೇಕಿಲ್ಲ.

"ಇದು ಭಟ್ಕಳದ್ದಲ್ವಾ?" ಎಂದಳು ಮೆಲ್ಲಗೆ.

ಹುಡುಗಿ ಜಡೆಗೆ ಕೈ ಒಯ್ದಳು. ಹಿಂದೆ ನೋಡಿದಳು. ಹಿಂದೆ ಕಾರಿನಲ್ಲಿ ತಂಗಿ ಕೂತಿದ್ದಳು. ಇಳಿಯಲಿಲ್ಲ. ಗಾಜನ್ನು ಇಳಿಸಲೂ ಇಲ್ಲ.

"ಒಳ್ಳೆಯದುಂಟು," ಎಂದಳು ಅಕ್ಕ. ಇಬ್ಬರಿಗೂ ಬೆಲ್ಲ ಕೊಟ್ಟಳು. ಮತ್ತೆ ನನ್ನ ಕಡೆ ನೋಡಿದಳು. "ಹೂ ಮುಟ್ಟಿಸಿದೆಯಾ?"

"ಮುಟ್ಟಿಸಿದೆ."

ಇದು ಸುಳ್ಳಲ್ಲ. ಇಷ್ಟು ನಿಖರವಾದ ಸತ್ಯವನ್ನು ನಾನು ಕ್ಲಾಸಿನಲ್ಲಿಯೂ ಹೇಳಿದವನಲ್ಲ. ಕಾರು ಮತ್ತು ಗೇಟಿನ ನಡುವೆ ಹದಿನೈದು ಹೆಜ್ಜೆ ಇತ್ತು. ನಾನು ಆ ಜಾಗದ ಸರೀ ಮಧ್ಯದಲ್ಲಿ, ತಿದ್ದಿ ತಯಾರಾದ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದೆ. ಮುಂದಿನ ಕಾರಿನವರು ಹಾರನ್ ಮಾಡಿದರು. ಅಕ್ಕ ಚೆಂಬಿನ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ ಒಳಗೆ ಹೋದಳು.

ರಜೆ ಮುಗಿದು ಶಾಲೆ ಶುರುವಾಯಿತು. ಬಿಸಿನೀರಿನ ಪಾಠ ಬಂದಾಗ, ನಾನು ನೋಡಿದ್ದೇನೆ ಎಂದು ಹೇಳುವ ಅಧಿಕಾರ ಈಗ ನನಗಿತ್ತು. ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಕಾಪುವಿಗೆ ಹೋದಾಗಲೆಲ್ಲ ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅಕ್ಕ ಮಟ್ಟು ಗುಳ್ಳ ಬದನೆಯ ಸಾಂಬಾರು ಬಡಿಸುತ್ತಿದ್ದಳು. ಊಟವಾದ ಮೇಲೆ ಹೇಳುವ ಎಂದುಕೊಳ್ಳುತ್ತಿದ್ದೆ. ಊಟವಾದ ಮೇಲೆ ಬಸ್ಸಿನ ಹೊತ್ತಾಗುತ್ತಿತ್ತು. ಕಾರನ್ನು ಅಷ್ಟರಲ್ಲಿ ಮಾರಿದ್ದೆ. ತಂಗಿ ಎಲ್ಲಿ ಸಿಕ್ಕಿದರೂ ಒಮ್ಮೆ "ಅಕ್ಕನ ಹಳಸಿದ ಹೂ" ಎನ್ನುತ್ತಿದ್ದಳು, ನಾನು ಚಪ್ಪಲಿ ಹುಡುಕುತ್ತಿದ್ದೆ.

ಎಂಟನೆಯ ವರ್ಷ, ಒಂದು ಗೃಹಪ್ರವೇಶದ ಊಟದಲ್ಲಿ ತಂಗಿ ಪುನಃ ಆ ಮಾತೆತ್ತಿದಾಗ, ಪಕ್ಕದ ಎಲೆಯಲ್ಲಿದ್ದ ನನ್ನ ಹೆಂಡತಿ ಮಜ್ಜಿಗೆಗೆ ಕೈ ಅಡ್ಡ ಹಿಡಿದು, ಆರ್ದ್ರತೆಯೇನೂ ಇಲ್ಲದ ದನಿಯಲ್ಲಿ, ಇರ್ದೆಯಿಂದ ಇಬ್ಬನಿಯವರೆಗೆ ಎಲ್ಲವನ್ನೂ ಹೇಳಿದಳು. ಮರುದಿನ ತಂಗಿ ಮೊದಲ ಬಸ್ಸಿಗೆ ಕಾಪುವಿಗೆ ಹೋದಳು. ನನ್ನನ್ನು ಕರೆಯಲಿಲ್ಲ.

ಅಕ್ಕ ತಂಗಿ ಈಗ ಮಾತಾಡುತ್ತಾರೆ. ನಡುವಿನ ಎಂಟು ವರ್ಷದಲ್ಲಿ ಹುಡುಗಿಗೆ ಎರಡು ಮಕ್ಕಳಾದವು. ಸೀಮಂತಕ್ಕೂ, ಎರಡು ತೊಟ್ಟಿಲಿಗೂ ಹೂ ಪೇಟೆಯಿಂದ ಬಂತು.