ಕೊಸರಿಗೆ ಬಂದ ಗುಡ್ಡ

ಬಟ್ಟೆ ಒಣಹಾಕುವ ಮುನ್ನ ಲೋಕದ ಹೆಂಗಸರೆಲ್ಲ ಮೋಡ ಇದೆಯೇ ಎಂದು ಆಕಾಶ ನೋಡುತ್ತಾರೆ. ನಾನು ಇಪ್ಪತ್ತು ವರ್ಷ ಚಿಮಣಿ ನೋಡಿದೆ. ಭದ್ರಾವತಿಯ ನಮ್ಮ ಮನೆಯ ತಾರಸಿಯಲ್ಲಿ ಎರಡು ತಂತಿಗಳಿವೆ, ಪಡುವಣಕ್ಕೊಂದು, ಮೂಡಣಕ್ಕೊಂದು, ನಡುವೆ ಮೆಟ್ಟಿಲ ಕೋಣೆಯ ಗೋಡೆ. ಪಡುವಣಕ್ಕೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಒಂದು ಸಣ್ಣ ಸ್ಥಾವರವಿದೆ. ಅದರ ಹೊಗೆ ಎತ್ತ ವಾಲಿದೆಯೆಂದು ನೋಡಿ, ಗೋಡೆಯ ಮರೆ ಸಿಗುವ ತಂತಿಗೆ ಬಟ್ಟೆ ಹರವುವುದು ನನ್ನ ನಿತ್ಯಕರ್ಮ. ಗಾಳಿಯ ದಿಕ್ಕನ್ನು ನನ್ನಷ್ಟು ಕರಾರುವಾಕ್ಕಾಗಿ ಬಲ್ಲವರು ಈ ಜಿಲ್ಲೆಯಲ್ಲಿ ಇರಲಾರರು. ಆದರೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಹವಾಮಾನದ ವಿಷಯ ಯಾರು ಕೇಳುತ್ತಾರೆ?

ಇಷ್ಟೆಲ್ಲ ಪಾಂಡಿತ್ಯವಿದ್ದೂ ನನ್ನ ಬಿಳಿ ಬಟ್ಟೆ ಬಿಳಿಯಾಗಿರಲಿಲ್ಲ. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ಮಗಳ ಮನೆಗೆ ಹೋದಾಗಲೆಲ್ಲ ಅವಳ ತಂತಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಸೋಪು ಬದಲಾಯಿಸು ಎಂದಳು, ಬದಲಾಯಿಸಿದೆ. ತಿಕ್ಕುವುದು ಸಾಲದು ಎಂದಳು; ಅವಳಿಗೆ ತಿಕ್ಕಲು ಕಲಿಸಿದವಳೇ ನಾನು. ಕೊನೆಗೆ ಸಿಟ್ಟು ಬಂದು ಒಂದೇ ಥಾನಿನ ಬಟ್ಟೆಯಲ್ಲಿ ಎರಡು ದಿಂಬಿನ ಕವರು ಹೊಲಿದು, ಒಂದೇ ಸೋಪು, ಒಂದೇ ನೀಲಿ ಹಾಕಿ, ಒಂದನ್ನು ಅವಳ ತಾರಸಿಯಲ್ಲಿ, ಇನ್ನೊಂದನ್ನು ನನ್ನ ತಾರಸಿಯಲ್ಲಿ ಎಂಟು ದಿನ ಬಿಟ್ಟೆ. ಅವಳದ್ದು ಅನ್ನದ ಬಣ್ಣದಲ್ಲೇ ಉಳಿಯಿತು. ನನ್ನದು ರಾಗಿ ಗಂಜಿಯ ಬಣ್ಣಕ್ಕೆ ತಿರುಗಿತು.

ಅದೇ ಸುಮಾರಿಗೆ ಸ್ಥಾವರದವರು ಊರವರ ಅಹವಾಲು ಕೇಳಲು ಸಭೆ ಕರೆದರು. ನನ್ನ ಮಗ ಕುಮಾರ ಅಲ್ಲಿಯೇ ಬಾಯ್ಲರಿನ ಕೆಲಸಗಾರ. ಅವನಿಗೆ ಹೇಳದೆ ಹೋದೆ. ಗಂಡಸರು ಮೈಕು ಹಿಡಿದು ಪರಿಸರ, ಪ್ರಗತಿ ಎಂದೆಲ್ಲ ಮಾತಾಡಿದರು. ನನಗೆ ಭಾಷಣ ಬರುವುದಿಲ್ಲ. ಎರಡೂ ಕವರನ್ನು ಸ್ಥಾವರದ ಸಾಹೇಬರ ಮೇಜಿನ ಮೇಲೆ ಹಾಸಿ ಕೇಳಿದೆ.

“ನೀವು ಯಾವುದರ ಮೇಲೆ ತಲೆ ಇಟ್ಟು ಮಲಗ್ತೀರಿ ಸ್ವಾಮಿ?”

ಸಾಹೇಬರು ಒಳ್ಳೆಯವರು, ಸಿಟ್ಟಾಗಲಿಲ್ಲ. ನುಣ್ಣನೆಯ ಬೂದಿ ಬಟ್ಟೆಗೆ ಮೆತ್ತುವುದಷ್ಟೇ ಅಲ್ಲ, ಗಾಳಿಯಲ್ಲಿ ತೇಲಿ ದೂರದ್ದನ್ನೆಲ್ಲ ಮಸುಕು ಮಾಡುತ್ತದೆ, ಚಿಮಣಿಯೊಳಗೇ ಬೂದಿ ಹಿಡಿಯುವ ಯಂತ್ರ ಹಾಕಿದರೆ ದೂರದ ದೃಶ್ಯಗಳು ಪುನಃ ದೃಗ್ಗೋಚರವಾಗುತ್ತವೆ ಎಂದು ವಿವರಿಸಿದರು. ದೂರದ್ದು ಕಟ್ಟಿಕೊಂಡು ನನಗೇನಾಗಬೇಕು, ನನ್ನ ದೂರ ತಂತಿಯವರೆಗೆ ಎಂದು ಹೇಳಿ ಬಂದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

“ಉಣ್ಣೋ ಒಲೆಗೇ ನೀರು ಹುಯ್ದು ಬಂದ್ಯಲ್ಲಮ್ಮ,” ಎಂದ ಕುಮಾರ. ಅಷ್ಟೇ. ಅಂದಿನಿಂದ ನಮ್ಮ ಮನೆಯಲ್ಲಿ ಫ್ಯಾಕ್ಟರಿಯ ಮಾತೇ ನಿಂತುಹೋಯಿತು. ನಾನೂ ತಪ್ಪಾಯಿತು ಅನ್ನಲಿಲ್ಲ, ತಪ್ಪಾಗಿರಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಬಕೆಟ್ಟು ಹೊತ್ತು ತಾರಸಿಗೆ ಹೋಗಿ ಎಂದಿನಂತೆ ಚಿಮಣಿ ನೋಡಿದರೆ, ಹೊಗೆ ಇಲ್ಲ.

ಬೇರೆ ಊರಿನವರು ಇದನ್ನೋದಿ ಸಂತೋಷಪಡಬಹುದು. ಆದರೆ ನಮ್ಮೂರಲ್ಲಿ ಹೊಗೆಯೆಂದರೆ ಕೆಮ್ಮಷ್ಟೇ ಅಲ್ಲ, ಕೆಲಸವೂ ಹೌದು. ನನ್ನ ಯಜಮಾನರಿದ್ದ ಕಾಲದಲ್ಲಿ ಒಂದು ಚಿಮಣಿ ಹೀಗೆಯೇ ತಣ್ಣಗಾಗಿತ್ತು. ವರ್ಷ ತುಂಬುವುದರೊಳಗೆ ನಮ್ಮ ಬೀದಿಯ ಅರ್ಧ ಮನೆಗಳಿಗೆ ಬೀಗ ಬಿದ್ದಿತ್ತು. ಪಕ್ಕದ ತಾರಸಿಯಲ್ಲಿ ಮುಮ್ತಾಜ್ ಕೂಡ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಅತ್ತಲೇ ನೋಡುತ್ತಿದ್ದಳು. ಅವಳ ಗಂಡ ಅದೇ ಸ್ಥಾವರದ ಬೂದಿ ಲಾರಿಯ ಡ್ರೈವರು.

“ಅಜ್ಜಿ, ಹೊಗೆ ಇಲ್ಲ.”

“ನಂಗೂ ಕಣ್ಣಿದೆ ಮಾರಾಯ್ತಿ. ಇಳಿ ಕೆಳಗೆ, ಹೋಗಣ.”

ಕುಮಾರ ಮೊದಲ ಪಾಳಿಗೆ ಹೋಗಿದ್ದ. ಫೋನನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಒದ್ದೆ ಸೀರೆಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಆಟೋ ಹತ್ತಿದೆವು. ಮುಮ್ತಾಜ್ ದಾರಿಯುದ್ದಕ್ಕೂ ಪ್ರಾರ್ಥನೆ ಮಾಡುತ್ತಿದ್ದಳು. ಒಮ್ಮೆ ನನ್ನತ್ತ ತಿರುಗಿ ನಿಮ್ಮ ದಿಂಬಿನ ಕವರು ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು. ನಿಲ್ಲಿಸುವ ಅಗತ್ಯವಿರಲಿಲ್ಲ, ನಾನೂ ಅದನ್ನೇ ಯೋಚಿಸುತ್ತಿದ್ದೆ. ಬಟ್ಟೆ ಬೆಳ್ಳಗಾಗಲೆಂದು ಮಗನ ಕೆಲಸ ಕಳೆದೆನೇ? ಆ ಕ್ಷಣದಲ್ಲಿ ಯಾರಾದರೂ ಕೇಳಿದ್ದರೆ, ರಾಗಿ ಗಂಜಿಯೇನು, ಇದ್ದಿಲಿನ ಬಣ್ಣದ ಕವರಿನ ಮೇಲೂ ತಲೆ ಇಟ್ಟು ಮಲಗುತ್ತಿದ್ದೆ.

ಹೇಳಿಕಳಿಸಿದ ಮೇಲೆ ಗೇಟಿಗೆ ಬಂದ ಕುಮಾರ ನಮ್ಮಿಬ್ಬರ ಅವತಾರ ನೋಡಿ ಮೊದಲು ಗಾಬರಿಯಾದ. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದು ನಕ್ಕ. ಆ ಮೀಟಿಂಗ್ ಆದ ಮೇಲೆ ಅವನು ನನ್ನ ಮುಂದೆ ನಕ್ಕಿದ್ದು ಅದೇ ಮೊದಲು.

“ಸಾಹೇಬ್ರು ನಿಂಗೆ ಹೇಳಿದ್ರಲ್ಲ, ಬೂದಿ ಹಿಡಿಯೋ ಮಿಷಿನ್ನು, ಅದೇ ಅಮ್ಮ. ರಾತ್ರಿಯಿಂದ ಓಡ್ತಿದೆ. ಅದನ್ನ ನೋಡ್ಕೊಳ್ಳೋಕೆ ಇನ್ನೂ ನಾಲ್ಕು ಜನ ತಗೊಂಡಿದಾರೆ.”

ಮೊದಲೇ ಬೊಗಳುವುದಕ್ಕೇನಾಗಿತ್ತು ಎಂದು ಬೈದೆ. ಫ್ಯಾಕ್ಟರಿ ಮಾತು ಬಿಟ್ಟಿದ್ದೆವಲ್ಲ ಎಂದ. ಹಿಡಿದ ಬೂದಿಯನ್ನು ಇಟ್ಟಿಗೆ ಭಟ್ಟಿಗೆ ಸಾಗಿಸಬೇಕಾದ್ದರಿಂದ ಲಾರಿಗೂ ಕೆಲಸ ಹೆಚ್ಚಿದೆಯೆಂದು ಕೇಳಿದ್ದೇ ಮುಮ್ತಾಜ್ ಪ್ರಾರ್ಥನೆ ಮುಗಿಸಿ, ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗಿ ಆಟೋದತ್ತ ಓಡಿದಳು.

ಗುಡ್ಡದ ವಿಷಯ ಆಮೇಲಿನದು. ಹಿಂದಿನ ವರ್ಷ ನನ್ನ ಮೊಮ್ಮಗಳು ನಮ್ಮ ಮನೆಯ ಚಿತ್ರ ಬರೆದು, ಎಲ್ಲ ಮಕ್ಕಳ ಹಾಗೆ, ಹಿಂದೆ ಗುಡ್ಡ ಇಟ್ಟಿದ್ದಳು. ಇಲ್ಲದ್ದನ್ನು ಬರೆಯಬಾರದು, ಅಲ್ಲಿರುವುದು ಚಿಮಣಿ ಎಂದು ರಬ್ಬರು ಕೊಟ್ಟು ಅಳಿಸಿಸಿದ್ದೆ. ಈಗ ಮಳೆ ತೊಳೆದ ಒಂದು ಬೆಳಿಗ್ಗೆ ಅವಳೇ ನನ್ನನ್ನು ತಾರಸಿಗೆ ಎಳೆದೊಯ್ದಳು. ಚಿಮಣಿಯ ಹಿಂದೆ, ಉದ್ದಕ್ಕೆ, ನೀಲಿಯಾಗಿ ಗುಡ್ಡ.

“ಅಳಿಸಿದ್ದು ವಾಪಸ್ ಬರೀಲಾ ಅಜ್ಜಿ?” ಎಂದು ಕೇಳಿದಳು. ಬರಿ ಎಂದೆ. ಬೇರೇನು ಹೇಳುವುದು?

ಅದರ ಹೆಸರು ಯಾರಿಗೂ ಗೊತ್ತಿಲ್ಲ. ಕುಮಾರ ಒಂದು ಹೇಳುತ್ತಾನೆ, ಮುಮ್ತಾಜ್ ಇನ್ನೊಂದು. ಸೊಪ್ಪು ಕೊಂಡವರಿಗೆ ಎರಡೆಳೆ ಕರಿಬೇವು ಕೊಸರು ಹಾಕುತ್ತಾರಲ್ಲ, ಹಾಗೆ ದಿಂಬಿನ ಕವರು ಕೇಳಿದವಳಿಗೆ ಗುಡ್ಡ ಕೊಸರು ಬಂತು. ಹಾಗೆಂದು ಗಾಳಿಯೆಲ್ಲ ಶುಭ್ರವಾಯಿತೆಂದು ಯಾರೂ ನಂಬಬೇಡಿ. ನಮ್ಮ ಬೀದಿ ಕೊನೆಯಲ್ಲಿ ದಿನಾ ಕಸಕ್ಕೆ ಬೆಂಕಿ ಇಡುವವರಿದ್ದಾರೆ, ಅವರ ಮನೆಗೂ ಒಂದು ಕವರು ಒಯ್ಯುವವಳಿದ್ದೇನೆ.

ಬಟ್ಟೆ ಒಣಹಾಕುವ ಮುನ್ನ ಈಗಲೂ ಚಿಮಣಿ ನೋಡುತ್ತೇನೆ, ಅಭ್ಯಾಸ. ಈಗ ಯಾವ ತಂತಿಯಾದರೂ ಆದೀತು. ಪಡುವಣದ್ದಕ್ಕೆ ಬಿಸಿಲು ಹೆಚ್ಚು, ಅಲ್ಲಿ ಬೇಗ ಒಣಗುತ್ತದೆ. ಆದರೆ ಅಲ್ಲಿ ಸೀರೆ ಹರವಿದರೆ ಗುಡ್ಡ ಮರೆಯಾಗುತ್ತದೆ. ಭಾನುವಾರ ಕುಮಾರ ಕಾಫಿ ಲೋಟ ಹಿಡಿದು ಅತ್ತ ಮುಖ ಮಾಡಿ ಕೂರುತ್ತಾನೆ. ಆ ದಿನ ನನ್ನ ಬಟ್ಟೆಯೆಲ್ಲ ಮೂಡಣದ ತಂತಿಗೆ. ಒಣಗುವುದು ತಡವಾಗುತ್ತದೆ, ಆಗಲಿ.