ಯುದ್ಧವಿಲ್ಲದ ಪುಸ್ತಕಕ್ಕೆ ಹೊಲಿದ ಕೌದಿ

ನಮ್ಮ ಶಹಾಬಾದಿನ ಓಣಿಯಲ್ಲಿ ಕೌದಿ ಹೊಲಿದುಕೊಡಲು ಯಾರೂ ಕೂಲಿ ಕೇಳುವುದಿಲ್ಲ, ಕತೆ ಕೇಳುತ್ತಾರೆ. ಟೇಲರ್ ಫರಹತ ಆಪಾ ಅಂಗಳದ ಪರಸಿಗಲ್ಲಿನ ಮೇಲೆ ಹಳೆ ಸೀರೆ ಹಾಸಿ, ಬಟ್ಟೆಚೂರು ಜೋಡಿಸಿ, ಪುಸ್ತಕ ಹಿಡಿದು ಕೂತರೆ ಸಾಕು, ನಾವು ನಾಲ್ಕು ಹೆಂಗಸರು ಸೂಜಿದಾರದೊಂದಿಗೆ ಹಾಜರು.

ಆಪಾ ಕಲಿತದ್ದು ಏಳನೇ ತರಗತಿ. ಗಂಟಲು ಮಾತ್ರ ಮೈಕಿಲ್ಲದೆ ವಾಡಿ ಸ್ಟೇಷನ್ನಿನಲ್ಲಿ ರೈಲಿನ ಹೆಸರು ಕೂಗುವಂಥದ್ದು. ಗಂಡ ಮಜೀದಸಾಬರು ಕಲ್ಲು ಕೊಯ್ಯುವ ಮಷೀನಿನ ಮುಂದೆ ಮೂವತ್ತು ವರ್ಷ ನಿಂತು ಅರೆಕಿವುಡರಾಗಿದ್ದಾರೆ. ಆ ಸಂಸಾರ ಶಾಂತವಾಗಿರುವುದಕ್ಕೆ ಅದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಆಪಾ ಓದುತ್ತಿದ್ದದ್ದು ‘ಏಳು ಗಾಳಿಗಳ ನಾಡು’ ಎಂಬ ಸರಣಿ. ರೆಕ್ಕೆಯುಳ್ಳ ಗರಿದೊರೆ, ಗಿಡಮೂಲಿಕೆ ಬಲ್ಲ ಇಳೆ, ಇಬ್ಬರ ಪ್ರೀತಿ, ಅದಕ್ಕೆ ಅಡ್ಡ ಬರುವ ಮಾಟಗಾರರು. ದಪ್ಪನೆಯ ನಾಲ್ಕು ಭಾಗ ಮುಗಿಯುವಷ್ಟರಲ್ಲಿ ನಾಲ್ಕು ಕೌದಿ ಮುಗಿದಿದ್ದವು. ಯುದ್ಧ ಬಂತೆಂದರೆ ನಮ್ಮ ಕೈ ತಾನಾಗಿ ಓಡುತ್ತಿತ್ತು.

ಐದನೆಯ ಕೌದಿ ಆಪಾಳ ಮೊಮ್ಮಗನಿಗೆ. ಮಗಳು ಮಹೆಕ್ ಹೆರಿಗೆಗೆ ಬಂದಿದ್ದಳು. ನಲವತ್ತು ದಿನ ತುಂಬಿದ ಮರುದಿನ ಅತ್ತೆ ಅಖ್ತರ ಬೇಗಂ ಸೇಡಂನಿಂದ ಬಂದು ಕರೆದೊಯ್ಯುವವರು. ಮಗು ಹೊಸ ಕೌದಿಯಲ್ಲೇ ಹೋಗುತ್ತದೆಂದು ಆಪಾ ಮಾತು ಕೊಟ್ಟಾಗಿತ್ತು. ಬೇಗಂ ಎಂಥವರೆಂದರೆ, ಮದುವೆಯಲ್ಲಿ ಬಿರಿಯಾನಿ ತಡವಾದದ್ದನ್ನು ಎರಡು ವರ್ಷವಾದರೂ ಬಿಟ್ಟಿರಲಿಲ್ಲ. ಅತ್ತೆ ಸೊಸೆಯ ನಡುವೆ ಸಾರಿಗೆ ಉಪ್ಪು ಎಷ್ಟು ಎಂಬುದರಾಚೆಗೆ ಮಾತಿರಲಿಲ್ಲ. ಕೌದಿಯೂ ತಪ್ಪಿದರೆ ಮಗಳ ಬಾಳು ಇನ್ನಷ್ಟು ಬಿಗಿಯಾದೀತೆಂದು ಆಪಾಗೆ ಭಯ. ಕೈಯಲ್ಲಿದ್ದದ್ದು ಹದಿನೈದು ದಿನ, ಮತ್ತು ಸರಣಿಯ ಐದನೇ ಭಾಗಕ್ಕೆ ಮುಂಚೆ ಬಂದ ಒಂದು ತೆಳ್ಳನೆಯ ಪುಸ್ತಕ.

ಅದರಲ್ಲಿ ಏನೂ ಆಗುವುದಿಲ್ಲ. ದೊರೆ, ಇಳೆ, ಅಡುಗೆಯ ಮುದುಕಿ ಚಿಂಬವ್ವ ಚಳಿಗಾಲ ಕಳೆಯಲು ಒಂದು ಮನೆಯಲ್ಲಿ ಉಳಿಯುತ್ತಾರೆ. ಇಳೆ ಮುರಿದ ಕಿಟಕಿ ಸರಿಮಾಡುತ್ತಾಳೆ. ದೊರೆ ರೊಟ್ಟಿ ಬಡಿಯಲು ಕಲಿಯುತ್ತಾನೆ. ಎರಡನೇ ದಿನಕ್ಕೇ ನಾನು ಆಕಳಿಸಿದೆ, ಸುಳ್ಳೇಕೆ ಹೇಳಲಿ. ನಮ್ಮಲ್ಲಿ ಹಿರಿಯರಾದ ಶರಣಬಸಮ್ಮ ಕಾಕಿ ನಾಳೆಯಿಂದ ಹಪ್ಪಳದ ಕೆಲಸವಿದೆ ಎಂದರು. ಕಾಕಿಗೆ ಹಪ್ಪಳ ಮಾಡಲು ಬರುವುದಿಲ್ಲವೆಂದು ಓಣಿಗೆಲ್ಲ ಗೊತ್ತು.

ಆಪಾ ಹೆದರಿದಳು. ಕಾಕಿ ಎದ್ದುಹೋಗುವ ಮೊದಲೇ ಪುಸ್ತಕದಲ್ಲಿಲ್ಲದ ಯುದ್ಧವೊಂದನ್ನು ತಾನೇ ಕಟ್ಟಿ ಓದಿಬಿಟ್ಟಳು. ಮಾಟಗಾರ ಬಂದ, ಮನೆಗೆ ಬೆಂಕಿ ಬಿತ್ತು, ಸೂಜಿಗಳು ಓಡಿದವು. ಹುರುಪಿನಲ್ಲಿ ಆಪಾ ಚಿಂಬವ್ವನನ್ನೂ ಕೊಂದಳು.

ಸೂಜಿಗಳು ನಿಂತವು. ಕಲಿಸುವವಳೇ ಸತ್ತರೆ ದೊರೆ ರೊಟ್ಟಿ ಕಲಿಯುವುದು ಹೇಗೆಂದು ಕಾಕಿ ಜಗಳಕ್ಕೇ ನಿಂತರು. ಆಕಳಿಸಿದ್ದ ನಾನೂ ಅವರ ಕಡೆ ಸೇರಿದೆ; ಅವನು ಪಾಪ, ಹಿಟ್ಟು ನಾದಿ ಇಟ್ಟಿದ್ದ.

ಆಪಾ ಪುಸ್ತಕ ಮುಚ್ಚಿದಳು. “ಯುದ್ಧ ನಂದೇ ಅದ ಕಾಕಿ. ಇದ್ರಾಗ ಯಾರೂ ಸಾಯಂಗಿಲ್ಲ. ಏನೂ ಆಗಂಗಿಲ್ಲ.”

“ಏನೂ ಆಗಂಗಿಲ್ಲಂದ್ರ ನೀ ಯಾಕ ಮೂರು ಸಲ ಓದೀದಿ? ಮಹೆಕ್ ಹೇಳ್ಯಾಳ ನನಗ.”

ಆಪಾ ದಾರದ ಉಂಡೆ ತಿರುಗಿಸಿದಳು. “ನಾಲ್ಕು ಪುಸ್ತಕದಾಗ ಅಂವ ಆಕಿ ಸಲುವಾಗಿ ಸಾಯ್ಲಿಕ್ಕ ತಯಾರಿದ್ದ. ಆಕಿ ಜೋಡಿ ಕುಂತು ಉಂಡಿದ್ದು ಇದೊಂದ್ರಾಗ.”

ಒಳಗೆ ಮಜೀದಸಾಬರು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಆಪಾ ಬರದೆ ಅವರು ಉಣ್ಣುವುದಿಲ್ಲ. ಅದನ್ನು ಅಷ್ಟು ವರ್ಷ ನೋಡಿಯೂ ನಾನು ನೋಡಿರಲಿಲ್ಲ. ಕಾಕಿ, ಅವರಿಗೆ ಉಣ್ಣಿಸಿ ಬಂದು ಮೊದಲಿನಿಂದ ಓದು ಎಂದರು.

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಯುದ್ಧಕ್ಕೆ ಓಡುವ ಕೈ ಈ ಪುಸ್ತಕಕ್ಕೆ ನಿಂತೇಬಿಡುತ್ತಿತ್ತು. ದೊರೆ ಹಿಟ್ಟಿಗೆ ನೀರು ಹೆಚ್ಚು ಹಾಕಿದ ದಿನ ನಾವು ಒಂದು ಸಾಲೂ ಹೊಲಿಯಲಿಲ್ಲ, ಆ ಹಿಟ್ಟನ್ನು ಹೇಗೆ ಸರಿಮಾಡಬೇಕೆಂಬ ಚರ್ಚೆಯಲ್ಲೇ ಮಧ್ಯಾಹ್ನ ಕಳೆಯಿತು. ಆಪಾ ಬೇಗ ಓದಿದರೆ ಕಾಕಿಯ ಬೈಗುಳ. ನಲವತ್ತೊಂದನೇ ದಿನ ಅಖ್ತರ ಬೇಗಂ ಗಾಡಿಯಿಂದಿಳಿದಾಗ ಕೌದಿಯ ಒಂದು ಮೂಲೆ ತೆರೆದೇ ಇತ್ತು. ಪುಸ್ತಕವೂ ನಾಲ್ಕು ಪುಟ ಬಾಕಿ.

ಬೇಗಂ ಗಡಿಯಾರ ನೋಡಿ ಕುರ್ಚಿಯ ತುದಿಯಲ್ಲಿ ಕೂತರು. ಆಪಾ ಉಳಿದ ಪುಟ ಓದಿದಳು, ನಾವು ಹೊಲಿದೆವು. ದೊರೆ ಯಾರ ಸಹಾಯವೂ ಇಲ್ಲದೆ ಬಡಿದ ಮೊದಲ ರೊಟ್ಟಿ ಸೀದುಹೋಯಿತು. ಇಳೆ ಅದನ್ನು ಪೂರ್ತಿ ತಿಂದಳು. ಕತೆ ಅಲ್ಲಿಗೆ ಮುಗಿಯಿತು.

ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯೊಳಗೆ ಒಂದು ತುತ್ತು ಇಡುವುದು ನಮ್ಮ ಪದ್ಧತಿ, ಕೌದಿ ಹಸಿದಿರಬಾರದು. ಇಡುವುದು ಹೋಳಿಗೆಯ ಚೂರು. ಗಡಿಬಿಡಿಯಲ್ಲಿ ಯಾರೂ ಸಿಹಿ ಮಾಡಿರಲಿಲ್ಲ. ಕಾಕಿ ಒಳಗೆ ಹೋಗಿ ತಂದದ್ದು ಬೆಳಗಿನ ರೊಟ್ಟಿಯ ಸೀದ ಅಂಚು. ಬೀಗಿತ್ತಿಯ ಮುಂದೆ ಇದನ್ನು ಹಿಡಿದು ಬಂದರಲ್ಲ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ.

ಬೇಗಂ ಆ ಚೂರನ್ನು ನೋಡಿದರು. “ಸೀದದ್ದು ಅಷ್ಟೂ ತಿಂದಳೇನು ಆಕಿ?” ಎಂದು ಕೇಳಿದರು. ಆಪಾ ಹೌದೆಂದು ತಲೆಯಾಡಿಸಿದಳು.

“ಹಂಗಾದ್ರ ಅದೇ ಇಡ್ರಿ.”

ಗಾಡಿ ಹೋದ ಮೇಲೆ ಪುಸ್ತಕ ಹುಡುಕಿದೆವು, ಸಿಗಲಿಲ್ಲ. ಮಗಳು ಹೋದದ್ದಕ್ಕೋ ಪುಸ್ತಕ ಹೋದದ್ದಕ್ಕೋ, ಆಪಾ ವಾರವಿಡೀ ಮಂಕಾಗಿದ್ದಳು. ಎಂಟನೇ ದಿನ ಮಹೆಕಳ ಫೋನ್ ಬಂತು. ಪುಸ್ತಕವನ್ನು ಅತ್ತೆಯೇ ಒಯ್ದಿದ್ದರಂತೆ. ಈಗ ಸಂಜೆ ಅತ್ತೆ ರೊಟ್ಟಿ ಬಡಿಯುತ್ತಾರೆ, ಪಕ್ಕದಲ್ಲಿ ಕೂತು ತಾನು ಓದುತ್ತೇನೆ ಎಂದಳು. ಆಪಾ ಕಣ್ಣೊರೆಸಿಕೊಳ್ಳುತ್ತ ಫೋನನ್ನು ನನ್ನ ಕೈಗಿಟ್ಟಳು. ಮೊದಲಿನ ನಾಲ್ಕು ಭಾಗವನ್ನೂ ಕಳಿಸಲೇ ಎಂದು ನಾನೇ ಕೇಳಿದೆ. ಆ ಕಡೆ ಬೇಗಂ ಸೊಸೆಯ ಕೈಯಿಂದ ಫೋನ್ ಇಸಿದುಕೊಂಡರು.

“ಯುದ್ಧ ನೀವೇ ಇಟ್ಕೊಳ್ರಿ. ಇಂಥದ್ದು ಇನ್ನೊಂದು ಇದ್ರ ಕಳಸ್ರಿ.”