ಬದುಕಿದ್ದವರಿಗೆ ಕಪ್ಪು ಚೌಕಟ್ಟು

1959ನೆಯ ಇಸವಿ. ಮಂಗಳೂರಿನ ಒಂದು ಕನ್ನಡ ವಾರಪತ್ರಿಕೆಗೆ ಉಪಸಂಪಾದಕನಾಗಿ ಸೇರಿ ನನಗೆ ಐದು ತಿಂಗಳಾಗಿತ್ತು. ಉಪಸಂಪಾದಕ ಎಂದರೆ ಹೆಸರು ಮಾತ್ರ ದೊಡ್ಡದು. ಮಾಲಿಕರೂ ಸಂಪಾದಕರೂ ಆದ ಕಾಮತರು ಮೇಲೆ, ಅವರ ಕೆಳಗೆ ನಾನು, ನನ್ನ ಕೆಳಗೆ ಒಂದು ಸ್ಟೂಲು, ಇಷ್ಟೇ ಸಂಪಾದಕೀಯ ವಿಭಾಗ. ಆರು ತಿಂಗಳು ಕೆಲಸ ನೋಡಿ ಖಾಯಂ ಮಾಡುವ ಮಾತಾಗಿತ್ತು. ಖಾಯಂ ಆಗದಿದ್ದರೆ ಕುಲಶೇಖರದ ಮನೆಯಲ್ಲಿ ತಂದೆಯವರು ನನಗೆ ಬೇರೆ ಕೆಲಸ ತೆಗೆದಿಟ್ಟಿದ್ದರು: ಅವರ ಜೊತೆ ದೇವಸ್ಥಾನದ ಪೂಜೆ. ನನಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಆದರೆ ಬೆಳಗಿನ ಜಾವ ತಣ್ಣೀರು ಸುರಿದುಕೊಂಡು ಮಂತ್ರ ಹೇಳುವುದಕ್ಕಿಂತ ಅಚ್ಚಿನ ಮಸಿಯ ವಾಸನೆಯೇ ನನಗೆ ಪ್ರಿಯವಾಗಿತ್ತು.

ನಮ್ಮ ಮುದ್ರಣಶಾಲೆಯ ಫೋರ್ಮನ್ ಮೋನು ಬ್ಯಾರಿಯವರು. ಎಲ್ಲರ ಬಾಯಲ್ಲಿ ಅವರು ಮೋನಾಕ. ಉಳ್ಳಾಲದವರು, ದಿನಾ ದೋಣಿಯಲ್ಲಿ ಹೊಳೆ ದಾಟಿ ಬರುವವರು. ಅವರ ಅಣ್ಣತಮ್ಮಂದಿರೆಲ್ಲ ಅಂಗಡಿ, ವ್ಯಾಪಾರ ಎಂದು ಹೋದರೆ ಇವರೊಬ್ಬರು ಅಚ್ಚಿನ ಮೊಳೆ ಹಿಡಿದು ಮೂವತ್ತು ವರ್ಷ ದಾಟಿತ್ತು. ಪುಟ ಕಟ್ಟುವುದು ಅವರ ಕೆಲಸ. ಆಗ ಕಂಪೋಸಿಟರುಗಳು ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಸಾಲು ಮಾಡುತ್ತಿದ್ದರು. ಆ ಸಾಲುಗಳನ್ನು, ಚಿತ್ರದ ಬ್ಲಾಕನ್ನು, ತಲೆಬರಹವನ್ನು ಒಂದು ಕಬ್ಬಿಣದ ಚೌಕಟ್ಟಿನೊಳಗೆ ಅಲುಗಾಡದಂತೆ ಬಿಗಿಯುವವನೇ ಫೋರ್ಮನ್. ಮೋನಾಕ ಬಿಗಿದ ಪುಟವನ್ನು ಎತ್ತಿ ಕುಲುಕಿದರೂ ಒಂದು ಮೊಳೆ ಉದುರುತ್ತಿರಲಿಲ್ಲ. ಆದರೆ ಅವರ ಕಣ್ಣು ಮಂಜಾಗತೊಡಗಿತ್ತು. ಇನ್ನು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಾಮತರು ಎರಡು ಸಲ ಸೂಚಿಸಿಯೂ ಆಗಿತ್ತು. ಮೋನಾಕ ಎರಡು ಸಲವೂ ಕೇಳಿಸದವರಂತೆ ಮಸಿ ಒರೆಸುತ್ತ ಒಳಗೆ ಹೋಗಿದ್ದರು.

ಆ ವರ್ಷ ನಮ್ಮ ಊರಿಗೆ ಥೋರ್ವಾಲ್ ನೆಸ್ ಎಂಬ ಹಿರಿಯರು ಬಂದಿದ್ದರು. ಹುಟ್ಟು ನಾರ್ವೆಯ ಒಂದು ಮೀನುಗಾರರ ಹಳ್ಳಿ. ಹದಿನಾರನೆಯ ವಯಸ್ಸಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ವಲಸೆ ಹೋಗಿ, ಗೋಧಿ ಹೊಲದಲ್ಲಿ ಕೂಲಿ ಮಾಡಿ, ಆಮೇಲೆ ಅಲ್ಲಿನ ನಾರ್ವೆ ವಲಸಿಗರಿಗಾಗಿ ಅವರದೇ ಭಾಷೆಯಲ್ಲಿ ಹೊರಡುತ್ತಿದ್ದ ಒಂದು ವಾರಪತ್ರಿಕೆಯಲ್ಲಿ ಕಂಪೋಸಿಟರ್ ಆಗಿ, ಕೊನೆಗೆ ಅದಕ್ಕೇ ಸಂಪಾದಕರಾದವರು. ಮಕ್ಕಳು ಮೊಮ್ಮಕ್ಕಳು ಇಂಗ್ಲಿಷಿಗೆ ತಿರುಗಿ ಓದುಗರು ಕರಗಿದ ಮೇಲೆ ಪತ್ರಿಕೆ ನಿಂತಿತು. ಆಗ ಅಮೆರಿಕದ ಸರ್ಕಾರ ಅವರನ್ನು ದಕ್ಷಿಣ ಅಮೆರಿಕದ ಒಂದು ದೇಶಕ್ಕೆ ರಾಯಭಾರಿಯಾಗಿ ಕಳಿಸಿತು. ನಿವೃತ್ತರಾದ ಮೇಲೆ ನಮ್ಮ ಕರಾವಳಿಯ ಮೀನುಗಾರಿಕೆ ನೋಡಲು ಹೊರಟಿದ್ದರು. ಶನಿವಾರ ಸಂಜೆ ಐದಕ್ಕೆ ಊರಿನ ವಾಚನಾಲಯದಲ್ಲಿ ಅವರ ಭಾಷಣ. ನಮ್ಮ ಪತ್ರಿಕೆ ಹೊರಡುವುದೂ ಶನಿವಾರವೇ. ಮೊದಲ ಪುಟದಲ್ಲಿ ಅವರ ಜೀವನ ಬರೆದು, ಸಭೆಯಲ್ಲಿ ಪ್ರತಿ ಕುರ್ಚಿಯ ಮೇಲೆ ಒಂದೊಂದು ಪ್ರತಿ ಇಡಬೇಕೆಂದು ಕಾಮತರು ಹೇಳಿದರು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಮ್ಮ ಪತ್ರಿಕೆಯಲ್ಲಿ ಒಬ್ಬ ಮನುಷ್ಯನ ಫೋಟೋ ಸಹಿತ ಪೂರ್ತಿ ಜೀವನ ಅಚ್ಚಾಗುತ್ತಿದ್ದದ್ದು ಒಂದೇ ಸಂದರ್ಭದಲ್ಲಿ, ಅವರು ತೀರಿಕೊಂಡಾಗ. ಐದು ತಿಂಗಳಲ್ಲಿ ನಾನು ಬರೆಯಲು ಕಲಿತದ್ದೂ ಮರಣವಾರ್ತೆಯೊಂದನ್ನೇ. ಹಾಗಾಗಿ ನೆಸ್ ಅವರ ಬಗ್ಗೆಯೂ ಕೈ ತಾನಾಗಿ ಅದೇ ದಾರಿ ಹಿಡಿಯಿತು. ತಲೆಬರಹ ‘ಒಂದು ಸಾರ್ಥಕ ಜೀವನ’. ಕೊನೆಯ ವಾಕ್ಯ ‘ಅವರ ಬಾಳು ನಮಗೆಲ್ಲ ಆದರ್ಶವಾಗಿದೆ’. ಸಭೆಯಲ್ಲೇ ಹಂಚುವ ಪತ್ರಿಕೆಯಲ್ಲಿ ಭಾಷಣದ ಸುದ್ದಿ ಯಾಕೆಂದು ಅದನ್ನು ಬಿಟ್ಟಿದ್ದೆ. ಬರೆದು ಮುಗಿಸಿ ನಾನೇ ಎರಡು ಸಲ ಓದಿ ಖುಷಿಪಟ್ಟೆ. ಸಾಲುಗಳ ಕರಡನ್ನು ತಿದ್ದಿ ಕೊಟ್ಟೆ. ಆಗ ಮೋನಾಕ ಇರಲಿಲ್ಲ, ತಂಗಿಯ ಮಗಳ ಮದುವೆಗೆಂದು ಎರಡು ದಿನ ರಜೆ ಹಾಕಿದ್ದರು. ಭಾಷಣದ ಸುದ್ದಿ ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲಿತ್ತು, ಅವರೊಬ್ಬರ ಕಿವಿಗೆ ಬಿದ್ದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರು ಪುಟ ಕಟ್ಟಲು ನಿಂತರು. ಪುಟ ಕಟ್ಟಿಯಾದ ಮೇಲೆ ಒಂದು ಪ್ರೂಫ್ ತೆಗೆದು ಉಪಸಂಪಾದಕ ಓದಿ, ಸಹಿ ಹಾಕಿದ ಮೇಲೆಯೇ ಮೆಷಿನ್ನಿಗೆ ಏರಿಸಬೇಕು ಎಂಬುದು ನಿಯಮ. ನನಗೋ ಮರುದಿನ ಸಾಹೇಬರ ಎದುರು ನಿಲ್ಲುವ ಸಡಗರ. ಹಂಪನಕಟ್ಟೆಯಲ್ಲಿ ಕ್ಷೌರ ಆಗಬೇಕಿತ್ತು, ಇಸ್ತ್ರಿಗೆ ಕೊಟ್ಟ ಅಂಗಿ ತರಬೇಕಿತ್ತು.

‘ಇನ್ನು ಅರ್ಧ ಗಂಟೆ ಉಂಟು ಭಟ್ರೇ, ನೋಡಿಯೇ ಹೋಗಿ’ ಎಂದರು ಮೋನಾಕ.

‘ನೀವು ಕಟ್ಟಿದ್ದರಲ್ಲಿ ನಾನು ಎಂತ ನೋಡುವುದು ಮಾರಾಯ್ರೆ’ ಎಂದು ನಾನು ಖಾಲಿ ಪ್ರೂಫ್ ಕಾಗದದ ಮೂಲೆಯಲ್ಲಿ ಸಹಿ ಗೀಚಿ ಕೊಟ್ಟು ಹೊರಟೆ. ಅವರ ಮೇಲೆ ನಂಬಿಕೆ ಇಟ್ಟೆ ಎಂದು ಆಗ ಅಂದುಕೊಂಡಿದ್ದೆ. ಸೋಮಾರಿತನಕ್ಕೆ ಅದೊಂದು ಒಳ್ಳೆಯ ಹೆಸರು.

ನಾನು ತಲೆ ಬಗ್ಗಿಸಿ ಕ್ಷೌರಿಕನ ಮುಂದೆ ಕೂತಿದ್ದ ಹೊತ್ತಿನಲ್ಲಿ ಮೋನಾಕ ಆ ಮ್ಯಾಟರ್ ನೋಡಿದರು. ಬಿಳಿಗೂದಲಿನ ಮುದುಕರ ಫೋಟೋ. ಹುಟ್ಟಿದ್ದು ಇಂಥಲ್ಲಿ, ಮಾಡಿದ್ದು ಇಂಥ ಕೆಲಸ, ಸಾರ್ಥಕ ಜೀವನ, ಆದರ್ಶ. ಪಾಪ, ದೂರದೇಶದ ಯಾರೋ ದೊಡ್ಡ ಮನುಷ್ಯರು ಹೋಗಿಬಿಟ್ಟರು ಎಂದುಕೊಂಡು ಲೇಖನದ ಸುತ್ತ ಬೆರಳಗಲದ ಕಪ್ಪು ಚೌಕಟ್ಟು ಕೂರಿಸಿದರು. ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿಯಿತು. ಪ್ರೆಸ್ಸಿನಲ್ಲಿ ಪದೇ ಪದೇ ಬೇಕಾಗುವ ಸಾಲುಗಳನ್ನು ಬಿಚ್ಚದೆ ದಾರ ಕಟ್ಟಿ ಇಡುವುದುಂಟು, ಅದಕ್ಕೆ ಸ್ಟ್ಯಾಂಡಿಂಗ್ ಮ್ಯಾಟರ್ ಎನ್ನುತ್ತಾರೆ. ಅದರಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ಸರಿಯಾಗಿ ಇಟ್ಟರು: ‘ಭಗವಂತನು ಅವರ ಆತ್ಮಕ್ಕೆ ಚಿರಶಾಂತಿಯನ್ನು ದಯಪಾಲಿಸಲಿ.’

ಶನಿವಾರ ಐದಕ್ಕೆ ಹತ್ತು ನಿಮಿಷವಿರುವಾಗ ನಾನು ಗರಿಗರಿ ಅಂಗಿ ಹಾಕಿಕೊಂಡು ವಾಚನಾಲಯಕ್ಕೆ ಹೋದೆ. ಸಭಾಂಗಣ ತುಂಬಿತ್ತು, ಆದರೆ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ನಮ್ಮ ಪತ್ರಿಕೆ. ಬಾಗಿಲಲ್ಲೇ ಒಬ್ಬ ನಿವೃತ್ತ ಮೇಷ್ಟ್ರು ನನ್ನ ತೋಳು ಹಿಡಿದು ಕೇಳಿದರು, ‘ಎಷ್ಟು ಹೊತ್ತಿಗೆ ಆದದ್ದಂತೆ ಭಟ್ರೆ? ನಿನ್ನೆ ಸಂಜೆ ಬಂದರಿನಲ್ಲಿ ನಾನೇ ನೋಡಿದ್ದೇನೆ. ಗಟ್ಟಿಯಾಗಿ ಇದ್ದರಲ್ಲ.’

ನಾನು ಪತ್ರಿಕೆ ಬಿಡಿಸಿ ನೋಡಿದೆ. ಸುತ್ತ ಕಪ್ಪು ಚೌಕಟ್ಟು, ಕೆಳಗೆ ಚಿರಶಾಂತಿಯ ಸಾಲು. ಹಿಂದಿನ ಸಾಲಿನಲ್ಲಿ ಮೋನಾಕ ಬಿಳಿ ಟೋಪಿ ಹಾಕಿಕೊಂಡು ಗಂಭೀರವಾಗಿ ಕೂತಿದ್ದರು. ಅಚ್ಚಾದ ಪ್ರತಿಗಳನ್ನು ಪ್ರೆಸ್ಸಿನಿಂದ ನೇರ ತಂದು ಕುರ್ಚಿಗಳ ಮೇಲೆ ಇಟ್ಟವರೂ ಅವರೇ. ಇದು ಸಂತಾಪ ಸಭೆ ಎಂದು ತಿಳಿದು ಗೌರವಕ್ಕೆ ಕೂತುಬಿಟ್ಟಿದ್ದರು.

ಕಾಮತರು ದಡಬಡ ಬಂದರು. ಮುಖ ಕೆಂಪಾಗಿತ್ತು. ಸ್ವರ ತಗ್ಗಿಸಿಯೇ ಕೇಳಿದರು, ‘ಮೋನು, ಈ ಚೌಕಟ್ಟು ಯಾರು ಇಟ್ಟದ್ದು?’

ಮೋನಾಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಎದ್ದು ನಿಂತರು. ‘ನಾನೇ ಇಟ್ಟದ್ದು ಧಣಿ.’

‘ಸಾಕು. ಸೋಮವಾರದಿಂದ ಬರುವುದು ಬೇಡ.’

ಮೋನಾಕ ತಲೆ ಆಡಿಸಿ ಟೋಪಿ ಸರಿಮಾಡಿಕೊಂಡರು. ನನ್ನ ಸಹಿ ಇದ್ದ ಕಾಗದ ಅವರ ಅಂಗಿಯ ಜೇಬಿನಲ್ಲೇ ಇತ್ತು, ಮಡಿಚಿದ ತುದಿ ಹೊರಗೆ ಕಾಣುತ್ತಿತ್ತು. ನಾನು ಅದನ್ನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ನಾನು ಸುಮ್ಮನೆ ನಿಂತೆ. ನನ್ನ ನಾಲಿಗೆಗೆ ಆಗ ಬಂದ ರೋಗಕ್ಕೆ ಹೇಡಿತನ ಎಂದೇ ಹೆಸರು.

ಅಷ್ಟರಲ್ಲಿ ನೆಸ್ ಸಾಹೇಬರು ಒಳಗೆ ಬಂದರು. ಆರಡಿ ಎತ್ತರ, ಕೆಂಪು ಮುಖ, ಕೈಯಲ್ಲಿ ಅಡಿಕೆ ಹಾಳೆಯ ಟೋಪಿ, ನಮ್ಮ ಮುಟ್ಟಾಳೆ. ಬೆಳಿಗ್ಗೆ ಮೀನುಗಾರರು ಕೊಟ್ಟದ್ದಂತೆ. ಸಭೆಯಲ್ಲಿ ಅರ್ಧ ಜನ ಎದ್ದು ನಿಂತರು, ಗೌರವಕ್ಕೋ ಗಾಬರಿಗೋ ಹೇಳುವುದು ಕಷ್ಟ. ಸಾಹೇಬರು ವೇದಿಕೆಯಲ್ಲಿ ಕೂತು ಎದುರಿಗಿದ್ದ ಪತ್ರಿಕೆ ಎತ್ತಿಕೊಂಡರು. ಅಧ್ಯಕ್ಷತೆ ವಹಿಸಿದ್ದ ವಕೀಲರು ಬೆವರು ಒರೆಸುತ್ತ, ಈ ಕಪ್ಪು ಚೌಕಟ್ಟು ನಮ್ಮ ಕಡೆ ಬಹಳ ದೊಡ್ಡ ಮರ್ಯಾದೆಯ ಗುರುತು ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

‘ನಮ್ಮ ಕಡೆಯೂ ಹಾಗೇ’ ಎಂದರು ನೆಸ್. ‘ಎಷ್ಟೋ ಗೆಳೆಯರಿಗೆ ನಾನೇ ಕೈಯಾರೆ ಇಟ್ಟಿದ್ದೇನೆ. ಆದರೆ ಅವರು ಯಾರೂ ಆ ದಿನ ಭಾಷಣಕ್ಕೆ ಬಂದಿರಲಿಲ್ಲ.’

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ಅಲ್ಲಿಯವರೆಗೆ ಉಸಿರು ಹಿಡಿದು ಕೂತಿದ್ದ ಸಭೆ ಹೋ ಎಂದು ನಕ್ಕಿತು. ಬರೆದವರು ಯಾರು ಎಂದು ಕೇಳಿದಾಗ ನನ್ನನ್ನು ವೇದಿಕೆಗೆ ದೂಡಿದರು. ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಚಿರಶಾಂತಿಯ ಸಾಲು ಬಂದಾಗ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ‘ಇದೊಂದು ಬಿಟ್ಟು ಉಳಿದದ್ದೆಲ್ಲ ಸರಿಯಾಗಿದೆ. ಇದನ್ನು ಬರೆದವರು ಯಾರು?’

ಸ್ಟ್ಯಾಂಡಿಂಗ್ ಮ್ಯಾಟರ್ ಎಂದೆ. ತಾವೇ ಸಂಪಾದಕರಾಗಿದ್ದ ಸಾಹೇಬರಿಗೆ ಮತ್ತೆ ವಿವರಿಸುವ ಅಗತ್ಯ ಬೀಳಲಿಲ್ಲ.

ಪುಟ ಕಟ್ಟಿದವರನ್ನು ಕರೆಯಿರಿ ಎಂದರು. ಮೋನಾಕ ಶಿಕ್ಷೆಗೆ ಹೋಗುವವರಂತೆ ಮೆಟ್ಟಿಲು ಹತ್ತಿದರು. ಸಾಹೇಬರು ಅವರ ಕೈ ಹಿಡಿದು, ಮಸಿ ಕೂತು ಕಪ್ಪಾದ ಬೆರಳ ತುದಿಗಳನ್ನು ನೋಡಿ, ಪತ್ರಿಕೆಯನ್ನು ಎತ್ತಿ ಹಿಡಿದು ಸಭೆಗೆ ತೋರಿಸಿದರು. ‘ನಾಲ್ಕು ಮೂಲೆ ನೋಡಿ. ಚೌಕಟ್ಟಿನ ರೂಲು ಪಟ್ಟಿಗಳು ಕೂಡುವಲ್ಲಿ ಕೂದಲಿನಷ್ಟೂ ಸಂದಿಲ್ಲ. ನಾನು ಆರು ವರ್ಷ ಕಂಪೋಸಿಟರ್ ಆಗಿದ್ದೆ. ಒಂದು ದಿನವೂ ನನಗೆ ಇದು ಬರಲಿಲ್ಲ.’ ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮೋನಾಕ ತಲೆ ತಗ್ಗಿಸಿದರು.

ಆಮೇಲೆ ಸಾಹೇಬರು ಸಂಪಾದಕರಾದವರು ಕೇಳಲೇಬೇಕಾದ ಪ್ರಶ್ನೆ ಕೇಳಿದರು. ‘ಪ್ರೂಫ್ ಪಾಸು ಮಾಡಿದವರು ಯಾರು?’

ಈ ಪ್ರಶ್ನೆಯನ್ನೂ ಮೋನಾಕನಿಗೆ ನಾನೇ ಕನ್ನಡದಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ‘ಪ್ರೂಫ್’ ಎಂಬ ಮಾತಿನಿಂದಲೇ ಅರ್ಥವಾಗಿದ್ದರೂ ಮೋನಾಕನ ಕೈ ಜೇಬಿನ ಕಡೆ ಹೋಗಲೂ ಇಲ್ಲ. ದೇವಸ್ಥಾನದ ತಣ್ಣೀರು ನನ್ನ ಕಣ್ಣೆದುರು ಬಂತು. ಆದರೂ ಈ ಸಲ ಬಾಯಿ ಬಿಟ್ಟೆ.

‘ನಾನು ಸರ್. ನೋಡದೆ ಸಹಿ ಹಾಕಿದೆ.’ ಎಲ್ಲರಿಗೂ ಕೇಳಿಸುವಂತೆ ಕನ್ನಡದಲ್ಲೂ ಹೇಳಿದೆ. ಎದೆಯಿಂದ ಒಂದು ಅಕ್ಕಿಮುಡಿ ಇಳಿಸಿದ ಹಾಗಾಯಿತು.

ನೆಸ್ ಕಾಮತರ ಕಡೆ ತಿರುಗಿದರು. ‘ಹಾಗಾದರೆ ತಪ್ಪು ಸಂಪಾದಕೀಯ ವಿಭಾಗದ್ದು, ಫೋರ್ಮನ್‌ದಲ್ಲ. ಇವರನ್ನು ಕಳುಹಿಸಬೇಡಿ. ಈ ಹುಡುಗನನ್ನೂ ಕಳುಹಿಸಬೇಡಿ, ಇನ್ನು ಇವನಷ್ಟು ಜಾಗ್ರತೆಯಿಂದ ಪ್ರೂಫ್ ಓದುವವನು ನಿಮಗೆ ಸಿಗುವುದಿಲ್ಲ. ಮತ್ತೆ ನನಗೆ ಇದರ ಐವತ್ತು ಪ್ರತಿ ಬೇಕು. ಬದುಕಿರುವಾಗ ನನ್ನ ಬಗ್ಗೆ ಯಾರೂ ಇಷ್ಟು ಚಂದ ಬರೆದಿರಲಿಲ್ಲ.’

ಸಭೆಯಿಡೀ ಚಪ್ಪಾಳೆ ಹೊಡೆಯುತ್ತಿರುವಾಗ ಕಾಮತರು ಬೇರೆ ಏನು ತಾನೇ ಮಾಡಿಯಾರು? ‘ಸೋಮವಾರ ಇಬ್ಬರೂ ಬನ್ನಿ. ಹೊತ್ತಿಗೆ ಸರಿಯಾಗಿ’ ಎಂದರು. ತುಟಿಯ ತುದಿಯಲ್ಲಿ ನಗು ಇತ್ತು. ಆ ದಿನದ ಭಾಷಣದಲ್ಲಿ ಸಾಹೇಬರು ಮೀನಿನ ವಿಷಯ ಹೇಳಿದ್ದು ಕಡಿಮೆ, ಪತ್ರಿಕೆಯ ತಪ್ಪುಗಳ ಕಥೆಗಳೇ ಹೆಚ್ಚು. ಜನ ಹೊಟ್ಟೆ ಹಿಡಿದುಕೊಂಡು ಹೊರಗೆ ಬಂದರು.

ಸೋಮವಾರ ನಾನು ಮೋನಾಕನನ್ನು ಕೇಳಿದೆ, ಆ ಕಾಗದ ಯಾಕೆ ತೋರಿಸಲಿಲ್ಲ ಎಂದು.

‘ತೋರಿಸಿ ಎಂತ ಮಾಡುವುದು ಭಟ್ರೇ? ನಾನು ಉಂಡು ಕೈ ತೊಳೆಯುವ ಹೊತ್ತು. ನಿಮಗೆ ಈಗ ಎಲೆ ಹಾಕಿದ್ದಷ್ಟೆ. ಒಬ್ಬರು ಏಳುವುದಾದ್ರೆ ಯಾರು ಏಳಬೇಕು, ನೀವೇ ಹೇಳಿ.’ ನನಗೆ ಅಳು ಬಂತು. ಅವರು ಅದನ್ನು ನೋಡದವರ ಹಾಗೆ ಮೊಳೆಯ ಪೆಟ್ಟಿಗೆಯ ಕಡೆ ತಿರುಗಿಕೊಂಡರು.

ಮುಂದಿನ ತಿಂಗಳು ನಾನು ಖಾಯಂ ಆದೆ. ಕಾಮತರು ಪತ್ರಿಕೆಯಲ್ಲಿ ಹೊಸ ಅಂಕಣ ಶುರು ಮಾಡಿದರು: ಬದುಕಿರುವವರ ಜೀವನ, ಫೋಟೋ ಸಹಿತ. ಮೊದಲು ಮೋನಾಕನದೇ ಆಗಲಿ ಎಂದು ನಾನು ಹಟ ಹಿಡಿದೆ. ಉಳ್ಳಾಲಕ್ಕೆ ಹೋಗಿ ಅವರ ಜಗಲಿಯಲ್ಲಿ ಕೂತು ಕೇಳಿ ಬರೆದೆ. ಪ್ರೂಫನ್ನು ಅವರ ಕೈಗೇ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು, ಕಾಲು ಗಂಟೆ ಓದಿದರು.

‘ಒಂದು ತಪ್ಪು ಉಂಟು’ ಎಂದರು ಕೊನೆಗೆ. ‘ನಮ್ಮ ಬೀಫಾತಿಮಾಳ ಹೆಸರೇ ಇಲ್ಲ. ಇಷ್ಟು ವರ್ಷ ಮಸಿಯ ಅಂಗಿ ತೊಳೆದದ್ದು ಯಾರು ಮಾರಾಯ್ರೆ?’

ಹೆಂಡತಿಯ ಹೆಸರಿಗೆ ಅವರೇ ಜಾಗ ಮಾಡಿದರು, ನನ್ನ ಎರಡು ವಿಶೇಷಣ ಕಿತ್ತು ಹಾಕಿ. ಆಮೇಲೆ ಮೂವತ್ತು ವರ್ಷ ನಾನು ಈ ವೃತ್ತಿಯಲ್ಲಿದ್ದೆ, ನೋಡದೆ ಸಹಿ ಹಾಕಬಾರದು ಎಂಬುದನ್ನು ಹೊಸಬರಿಗೆಲ್ಲ ಹೇಳಿಕೊಟ್ಟೆ. ಆದರೆ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಅದಲ್ಲ. ಮನುಷ್ಯರ ಬಗ್ಗೆ ಒಳ್ಳೆಯದನ್ನು ಅವರು ಇರುವಾಗಲೇ ಬರೆಯಬೇಕು. ನಾವು ಯಾರನ್ನು ಬಿಟ್ಟೆವು ಎಂದು ಹೇಳಲು ಆಗ ಅವರು ಇರುತ್ತಾರೆ.